ಮರದ ಪೆನ್ನಿಗೆ ಮೊದಲು ರೀಫಿಲ್ ಹುಡುಕಿ, ಮರ ಆಮೇಲೆ

ಮರದ ಪೆನ್ನು ಮಾಡುವವರ ಮೇಲೆ ನನಗೆ ಸ್ವಲ್ಪ ಮುನಿಸಿದೆ. ಮಾರುವವರ ಮೇಲೆ ಇನ್ನೂ ಜಾಸ್ತಿ. ಬೀಟೆ, ತೇಗ, ಆಲೆ ಅಂತ ಮರ ಆರಿಸುತ್ತಾರೆ. ಲೇತಿಗೆ ಹಾಕಿ, ತಿಕ್ಕಿ, ಹೊಳಪು ಬರಿಸುತ್ತಾರೆ. ಕೊನೆಗೆ ಅದರೊಳಗೆ ತುರುಕುವುದು ಹೆಸರೂ ಇಲ್ಲದ ಯಾವುದೋ ಅಗ್ಗದ ರೀಫಿಲ್. ಮಂಟಪಕ್ಕೆ ಲಕ್ಷ ಸುರಿದು ಊಟದ ಎಲೆಗೆ ಬೇಯದ ಅನ್ನ ಬಡಿಸಿದ ಹಾಗೆ. ಕೈಯಲ್ಲಿ ಹಿಡಿದರೆ ಹಿತವಾಗಿರುತ್ತದೆ. ಬರೆಯಲು ಹೋದರೆ ಮೊದಲ ಅಕ್ಷರ ಮೂಡುವುದಿಲ್ಲ, ಎರಡನೆಯದು ಅರ್ಧ ಮೂಡುತ್ತದೆ, ಮೂರನೆಯದರ ತಲೆ ಮೇಲೆ ಒಂದು ಇಂಕಿನ ಬೊಟ್ಟು.

ನಾನು ಇವತ್ತಿಗೂ ಕೈಯಲ್ಲೇ ಬರೆಯುವವನು. ಇದು ಗೊತ್ತಿರುವುದರಿಂದಲೋ ಏನೋ, ಸಮಾರಂಭಗಳಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿಯ ಜೊತೆ ಮರದ ಪೆನ್ನೂ ಕೊಡುತ್ತಾರೆ. ಹಣ್ಣು ಮನೆಯವರಿಗೆ ಆಗುತ್ತದೆ. ಪೆನ್ನು ಶೋಕೇಸಿಗೆ ಹೋಗುತ್ತದೆ. ಬರೆಯುವವನ ಮನೆಯಲ್ಲಿ ಪೆನ್ನು ಶೋಕೇಸಿನಲ್ಲಿ ಇರುವುದು ಸರಿಯಾ ಹೇಳಿ.

ಚನ್ನಪಟ್ಟಣದ ಪೆನ್ನುಗಳನ್ನೇ ತೆಗೆದುಕೊಳ್ಳಿ. ಅಲ್ಲಿ ಅರಗು ಹಾಕುವುದನ್ನು ನಿಂತು ನೋಡಿದವರಿಗೆ ಆ ಕೈಗಳ ಮೇಲೆ ಗೌರವ ಬಾರದೆ ಇರದು. ಆಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಬೆಂಕಿಯೂ ಇಲ್ಲ, ಬ್ರಷ್ಷೂ ಇಲ್ಲ. ಆಮೇಲೆ ಒಣಗಿದ ತಾಳೆಗರಿಯೊಂದನ್ನು ಮಡಚಿ ಅದರ ಮೇಲೆ ಒತ್ತಿದರೆ ಕನ್ನಡಿಯಂಥ ಹೊಳಪು ಬಂದುಬಿಡುತ್ತದೆ. ಇಷ್ಟೆಲ್ಲ ಆದ ಪೆನ್ನಿನ ನಡುವಿನ ತೂತಿಗೆ ಪ್ಲಾಸ್ಟಿಕ್ ನಳಿಗೆಯ ರೀಫಿಲ್ ಇಳಿಸುತ್ತಾರೆ. ಎಷ್ಟೋ ಸಲ ತೂತು ಅದಕ್ಕಿಂತ ಒಂದು ನೂಲು ದೊಡ್ಡದು. ಬರೆಯುವಾಗ ಪ್ರತಿ ಗೆರೆಗೂ ಒಳಗೆ ಟಿಕ್ ಟಿಕ್ ಅನ್ನುತ್ತದೆ.

ಇದನ್ನು ಅಲ್ಲಿನ ಒಬ್ಬ ಕೆಲಸಗಾರರಿಗೆ ಹೇಳಿದೆ. ಅವರು ನಕ್ಕು, ‘ಸಾರ್, ಜನ ಬಣ್ಣ ನೋಡಿ ತಗೋತಾರೆ, ಬರೆದು ನೋಡಿ ಯಾರು ತಗೋತಾರೆ?’ ಅಂದರು. ಅವರದೇನೂ ತಪ್ಪಿಲ್ಲ. ಒಂದು ಪೆನ್ನಿಗೆ ಸಿಗುವ ಪುಡಿಗಾಸಿನಲ್ಲಿ ಒಳ್ಳೆ ರೀಫಿಲ್ ಹಾಕಲು ಆಗುವುದಿಲ್ಲ. ಸರಿ, ಹಾಕುವುದು ಬೇಡ. ಒಳ್ಳೆಯದು ಹಿಡಿಸುವಂಥ ತೂತನ್ನಾದರೂ ಕೊರೆಯಬಹುದಲ್ವಾ? ರೀಫಿಲ್ ನಾವೇ ಹಾಕಿಕೊಳ್ಳುತ್ತೇವೆ. ನನ್ನ ತಕರಾರು ಇಷ್ಟೇ.

ಬಾಲ್ ಪೆನ್ನಿನ ಇಂಕು ಮೂಲದಲ್ಲೇ ಮಂದ. ಹಂಗೇರಿಯ ಲಾಸ್ಲೊ ಬಿರೋ 1938ರಲ್ಲಿ ಬಾಲ್ ಪೆನ್ನಿಗೆ ಪೇಟೆಂಟ್ ಪಡೆದ ಕಾಲದಿಂದಲೂ ಸಮಸ್ಯೆ ಒಂದೇ. ಇಂಕು ತೆಳುವಾದರೆ ಜೇಬಿನಲ್ಲಿ ಸೋರುತ್ತದೆ, ದಪ್ಪವಾದರೆ ಕಾಗದದ ಮೇಲೆ ಜಾರುವುದಿಲ್ಲ. ಅಗ್ಗದ ರೀಫಿಲ್‌ಗಳು ಸೋರದಿದ್ದರೆ ಸಾಕು ಅಂತ ದಪ್ಪದ ಕಡೆಗೇ ವಾಲುತ್ತವೆ. ಅವು ಅಂಗಡಿಯಲ್ಲಿ ವರ್ಷಗಟ್ಟಲೆ ಕೂತರೆ ಇನ್ನೂ ಗಟ್ಟಿ. ಆಗ ನಾವು ಸ್ಕೂಲಿನಲ್ಲಿ ಕಲಿತ ವಿದ್ಯೆಗೆ ಇಳಿಯಬೇಕು: ಅಂಗೈಯಲ್ಲಿ ಉಜ್ಜಿ ಬಿಸಿ ಮಾಡುವುದು, ಚಪ್ಪಲಿಯ ರಬ್ಬರಿನ ಮೇಲೆ ಗೀಚುವುದು. ಚಪ್ಪಲಿಯ ವಿದ್ಯೆ ನಿಜವಾಗಿ ಕೆಲಸ ಮಾಡುತ್ತದೆ. ರಬ್ಬರು ನಿಬ್ಬಿನ ತುದಿಯ ಗುಂಡನ್ನು ಹಿಡಿದು ತಿರುಗಿಸುತ್ತದೆ, ಕಾಗದದ ಮೇಲೆ ಅದು ಸುಮ್ನೆ ಜಾರಿಬಿಡುತ್ತದೆ.

ಕನ್ನಡ ಬರೆಯುವವರಿಗೆ ಇದರ ಕಾಟ ಹೆಚ್ಚು ಅಂತ ನನ್ನ ಅನಿಸಿಕೆ. ನಮ್ಮದು ದುಂಡು ಅಕ್ಷರ. ಒಂದು ‘ಣ’ ಬರೆಯುವಷ್ಟರಲ್ಲಿ ನಿಬ್ಬಿನ ಗುಂಡು ಎಷ್ಟು ಸಲ ದಿಕ್ಕು ಬದಲಿಸುತ್ತದೆ ನೋಡಿ. ಇಂಕು ಕೈಕೊಡುವುದು ಆ ತಿರುವುಗಳಲ್ಲೇ. ಹಾಗಂತ 1.0 ಮಿಲಿಮೀಟರಿನ ದಪ್ಪ ಗುಂಡು ಹಾಕಿದರೆ ಜಾರುವುದೇನೋ ಚೆನ್ನಾಗಿ ಜಾರುತ್ತದೆ, ಆದರೆ ‘ರಾಷ್ಟ್ರ’ ಅಂತ ಬರೆದರೆ ಕೆಳಗಿನ ಒತ್ತುಗಳು ಒಂದಕ್ಕೊಂದು ಕೂಡಿಕೊಂಡು ಮಸಿ ಮುದ್ದೆ. 0.5ರಲ್ಲಿ ಒತ್ತಕ್ಷರ ಚೆಂದ, ಆದರೆ ಒರಟು ಕಾಗದ ಕೆರೆಯುತ್ತದೆ. ನನ್ನ ಕೈಗೆ 0.7 ಸರಿ.

ಇನ್ನು ಅಳತೆಯ ವಿಚಾರ. ಮರದ ಪೆನ್ನುಗಳ ಹಣೆಬರಹ ಬರೆದಿರುವುದೇ ಇಲ್ಲಿ. ಮನೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಹವ್ಯಾಸಕ್ಕೆ ಪೆನ್ನು ಮಾಡುವವರು ಸಾಮಾನ್ಯವಾಗಿ ಕಿಟ್ ತರಿಸುತ್ತಾರೆ. ಅದರಲ್ಲಿ ಹಿತ್ತಾಳೆ ಕೊಳವೆ, ಕ್ಲಿಪ್ಪು, ತಿರುಗಿಸುವ ಭಾಗ ಎಲ್ಲ ಇರುತ್ತದೆ. ತೀರಾ ಅಗ್ಗದ್ದು, ಎಲ್ಲರೂ ಮೊದಲು ಕಲಿಯುವುದು 7 ಮಿಲಿಮೀಟರ್ ಕೊಳವೆಯ ಸ್ಲಿಮ್‌ಲೈನ್ ಕಿಟ್. ಅದಕ್ಕೆ ಬೇಕಾಗುವುದು ಕ್ರಾಸ್ ಕಂಪನಿಯ ಮಾದರಿಯ ಸಣಕಲು ರೀಫಿಲ್. ಈ ಅಳತೆಯಲ್ಲಿ ಒಳ್ಳೆಯ ಹೊಸ ಇಂಕುಗಳು ಸಿಗುವುದು ಕಡಿಮೆ. ಸಿಗಾರ್, ಸಿಯೆರಾ ಅನ್ನುವ ಸ್ವಲ್ಪ ದಪ್ಪ ಕಿಟ್‌ಗಳಿಗೆ ಪಾರ್ಕರ್ ಮಾದರಿಯದು ಕೂರುತ್ತದೆ. ನಮ್ಮ ಅಂಗಡಿಗಳಲ್ಲಿ ಜಂಬೋ ರೀಫಿಲ್ ಅಂತ ಕೇಳಿದರೆ ಸಾಮಾನ್ಯವಾಗಿ ಈ ದಪ್ಪನೆಯ ಲೋಹದ ರೀಫಿಲ್ಲೇ ಕೊಡುತ್ತಾರೆ. ಉದ್ದ ಸುಮಾರು 98 ಮಿಲಿಮೀಟರ್. 1954ರಲ್ಲಿ ಬಂದ ಪಾರ್ಕರ್ ಜಾಟರ್‌ನಿಂದ ಹೆಸರಾದ ಆಕಾರ ಇದು, ಈಗ ಪ್ರಪಂಚದ ಎಷ್ಟೋ ಕಂಪನಿಗಳು ಇದೇ ಅಳತೆಗೆ ಮಾಡುತ್ತವೆ. ಇದನ್ನು ಜಿ2 ಅಂತಲೂ ಕರೆಯುತ್ತಾರೆ. ಪೈಲಟ್ ಕಂಪನಿಯ ಜಿ2 ಜೆಲ್ ಪೆನ್ನಿನ ರೀಫಿಲ್ಲೇ ಬೇರೆ, ಇನ್ನೂ ಉದ್ದ. ಆನ್‌ಲೈನಿನಲ್ಲಿ ಹೆಸರು ನೋಡಿ ಆರ್ಡರ್ ಮಾಡುವವರು ಹುಷಾರು.

ಪಾರ್ಕರ್ ಅಳತೆ ಕೂರುವ ಪೆನ್ನು ಕೈಯಲ್ಲಿದ್ದರೆ ನಿಮ್ಮ ಮುಕ್ಕಾಲು ಪಾಲು ತೊಂದರೆ ತೀರಿತು. ಜರ್ಮನಿಯ ಶ್ಮಿಟ್ ಈಸಿಫ್ಲೋ 9000 ಹಾಕಿ ನೋಡಿ. ಎಣ್ಣೆಯ ಇಂಕೇ, ಆದರೆ ತೆಳು. ಕೈ ಒತ್ತುವುದೇ ಬೇಡ. ಜಪಾನಿನ ಯೂನಿ ಜೆಟ್‌ಸ್ಟ್ರೀಮ್ ಅಂತೂ ಈ ತೆಳು ಎಣ್ಣೆ ಇಂಕಿಗೆ ಹೆಸರು ಮಾಡಿದ್ದೇ. ಅಲ್ಲಿ 2006ರಲ್ಲಿ ಬಂತು. ಅದರ ಪ್ಲಾಸ್ಟಿಕ್ ಪೆನ್ನು ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ, ಪಾರ್ಕರ್ ಅಳತೆಯ ರೀಫಿಲ್ ಬೇಕಾದರೆ ಎಸ್‌ಎಕ್ಸ್‌ಆರ್-600 ಅಂತ ಕೇಳಬೇಕು. ಎರಡರಲ್ಲಿ ನನ್ನ ಓಟು ಜೆಟ್‌ಸ್ಟ್ರೀಮ್‌ಗೆ. ಬೇಗ ಒಣಗುತ್ತದೆ, ಗೆರೆ ಕಪ್ಪಗೆ ಬರುತ್ತದೆ. ಈಸಿಫ್ಲೋ ಇನ್ನೂ ನಯ, ಆದರೆ ಕೆಲವೊಮ್ಮೆ ಅಕ್ಷರದ ಕೊನೆಯಲ್ಲಿ ಸಣ್ಣ ಬೊಟ್ಟು ಬಿಡುತ್ತದೆ.

ಜೆಲ್ ಬೇಕೆನ್ನುವವರಿಗೆ ಅದೂ ಈ ಅಳತೆಯಲ್ಲಿ ಇದೆ. ನೀರಿನ ಇಂಕು, ಗುಂಡು ತಿರುಗಿದ ಕೂಡಲೇ ತೆಳುವಾಗಿ ಹರಿಯುತ್ತದೆ, ನಯಕ್ಕೆ ಸಾಟಿಯಿಲ್ಲ. ಬೇಗ ಖಾಲಿ, ತೆಳು ನೋಟ್‌ಬುಕ್ಕಿನಲ್ಲಿ ಹಿಂದಿನ ಪುಟಕ್ಕೆ ಕಾಣುತ್ತದೆ, ಎಡಗೈಯವರ ಅಂಗೈ ಎಲ್ಲ ನೀಲಿ. ಫಿಶರ್ ಕಂಪನಿಯ ಬಾಹ್ಯಾಕಾಶದ ರೀಫಿಲ್ಲನ್ನೂ ಕೆಲವರು ಹೊಗಳುತ್ತಾರೆ. 1968ರ ಅಪೋಲೊ 7ರಲ್ಲಿ ಹೋಗಿಬಂದದ್ದು ನಿಜ. ಒಳಗೆ ಒತ್ತಡದ ನೈಟ್ರೋಜನ್ ಅನಿಲ ಇರುವುದರಿಂದ ಮಲಗಿಕೊಂಡು ಮೇಲ್ಮುಖವಾಗಿಯೂ ಬರೆಯಬಹುದು. ಆದರೆ ಅದರ ಇಂಕು ಗಟ್ಟಿ. ನಯ ಬೇಕು ಅಂತ ಅದಕ್ಕೆ ದುಡ್ಡು ಹಾಕಬೇಡಿ.

ಪ್ಲಾಸ್ಟಿಕ್ ನಳಿಗೆಯ ರೀಫಿಲ್ ಕೂರುವ ಪೆನ್ನೇ ಇದ್ದವರು ಏನು ಮಾಡಬೇಕು? ಹಳೆ ರೀಫಿಲ್ ಜೇಬಿಗೆ ಹಾಕಿಕೊಂಡು ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಹೋಗಿ. ಪಕ್ಕಪಕ್ಕ ಹಿಡಿದು ದಪ್ಪ ಹೊಂದುವುದನ್ನು ಆರಿಸಿ. ಉದ್ದ ಜಾಸ್ತಿಯಾದರೆ ಇಂಕಿಲ್ಲದ ಬಾಲವನ್ನು ಬ್ಲೇಡಿನಲ್ಲಿ ಕತ್ತರಿಸಬಹುದು. ಜೆಲ್ ಆದರೆ ಬಾಲದಲ್ಲಿರುವ ಬಿಳಿ ಗ್ರೀಸನ್ನು ಮುಟ್ಟಬೇಡಿ, ಅದು ಹೋದರೆ ಇಂಕು ಹಿಂದಕ್ಕೆ ಬರುತ್ತದೆ. ಟಿಕ್ ಟಿಕ್ ಅನ್ನುವುದಕ್ಕೆ ನಿಬ್ಬಿನ ಹಿಂದೆ ಒಂದು ಸುತ್ತು ಸೆಲೋಟೇಪ್ ಸಾಕು. ಮಳೆಗಾಲದಲ್ಲಿ ಮಾತ್ರ ಟೇಪು ಜಾಸ್ತಿ ಸುತ್ತಬೇಡಿ. ಹಿತ್ತಾಳೆ ಕೊಳವೆ ಇಲ್ಲದ ಪೆನ್ನಿನ ಮರ ಹಿಗ್ಗಿದರೆ ರೀಫಿಲ್ ಒಳಗೇ ಕಚ್ಚಿಕೊಳ್ಳುತ್ತದೆ, ಎಳೆದರೆ ನಿಬ್ಬು ಮಾತ್ರ ಕೈಗೆ ಬರುತ್ತದೆ. ಆಮೇಲೆ ಆ ಇಂಕಿನ ಕಲೆ ತೆಗೆಯುವುದು ಹೇಗೆ ಅಂತ ನನ್ನನ್ನು ಕೇಳಬೇಡಿ.

ಹೊಸದಾಗಿ ಕೊಳ್ಳುವವರು ಯಾವ ಮರ ಅಂತ ಕೇಳುವ ಮುಂಚೆ ಯಾವ ರೀಫಿಲ್ ಕೂರುತ್ತದೆ ಅಂತ ಕೇಳಿ. ಉತ್ತರ ಬರಲಿಲ್ಲವೋ, ವಾಪಸ್ ಇಟ್ಟುಬಿಡಿ. ಹತ್ತು ಜನ ಹೀಗೆ ಕೇಳಿದರೆ ಹನ್ನೊಂದನೆಯ ಪೆನ್ನಿನ ತೂತು ಸರಿಯಾಗಿರುತ್ತದೆ.

ಸನ್ಮಾನ ಮಾಡುವವರಿಗೂ ಒಂದು ಮಾತು. ಪೆನ್ನು ಕೊಡಿ, ಸಂತೋಷ. ಡಬ್ಬಿಯೊಳಗೆ ಜೊತೆಗೊಂದು ಒಳ್ಳೆ ರೀಫಿಲ್ ಇಡಿ. ಅದಕ್ಕೆ ದುಡ್ಡು ಸಾಲದಿದ್ದರೆ ಶಾಲು ಬಿಟ್ಟುಬಿಡಿ. ಮನೆಯಲ್ಲಿ ಬೇಕಾದಷ್ಟಿವೆ.