"ಹೆಬ್ಬಟ್ಟು ಯಾಕ ಬೇಕವ್ವಾ?"

ಸೋಷಿಯಲ್ ವರ್ಕ್‌ನಲ್ಲಿ ನನ್ನ ಪಿಎಚ್‌ಡಿಯ ಮೊದಲ ಸಂದರ್ಶನ ಮುಂಬಯಿಯ ಗೋವಂಡಿ ಕಡೆಯ ಒಂದು ಜೋಪಡಿಯಲ್ಲಿ. ಯಾದಗಿರಿ ಕಡೆಯಿಂದ ಬಂದು, ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿಯುವ ಹೆಂಗಸು. ಮೇಲೆ ತಗಡು ಕಾದು ಕೆಂಡವಾಗಿತ್ತು. ಕನ್ನಡ ಕಿವಿಗೆ ಬಿದ್ದದ್ದಕ್ಕೇ ಖುಷಿಯಾಗಿ ಚಾ ಮಾಡಿಕೊಟ್ಟರು. ನಾನು ಸಂದರ್ಶನಕ್ಕೆ ಒಪ್ಪಿಗೆ ಪತ್ರ ತೆಗೆದೆ. ಮೂರು ಪುಟ ಇಂಗ್ಲಿಷ್. ಕನ್ನಡದಲ್ಲಿ ವಿವರಿಸಿ, ಇಂಕ್ ಪ್ಯಾಡ್ ಮುಂದಿಟ್ಟೆ.

"ಹೆಬ್ಬಟ್ಟು ಯಾಕ ಬೇಕವ್ವಾ? ಮನಿ ಏನರ ಹೋಗ್ತದೇನು?"

ಮಾತು ಅಲ್ಲಿಗೇ ನಿಂತಿತು. ಆ ಗಲ್ಲಿಗೆ ಕಾಗದ ಹಿಡಿದು ಬರುವವರು ಅಂದ್ರೆ ಬಿಲ್ಡರ್ ಕಡೆಯವರು. ಜೋಪಡಿ ಕೆಡವಿ ಕಟ್ಟಡ ಕಟ್ಟಲು ಅಲ್ಲಿಯವರ ಒಪ್ಪಿಗೆ ಬೇಕಲ್ವಾ. ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡುವ ಎಥಿಕ್ಸ್ ಕಮಿಟಿ ನನ್ನ ಇದೇ ಫಾರಂ ಪಾಸು ಮಾಡಿತ್ತು. ಇಂಥ ಪ್ರಶ್ನೆ ಬರಬಹುದು ಅಂತ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಎಂಎಸ್‌ಡಬ್ಲ್ಯೂ, ಅಂದ್ರೆ ಸೋಷಿಯಲ್ ವರ್ಕ್ ಎಂಎ ಓದುವಾಗ ನಮಗೆ ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್ ಇತ್ತು. ಬಂದು ರೆಕಾರ್ಡಿಂಗ್, ಅಂದ್ರೆ ಅಲ್ಲಿ ನಡೆದದ್ದರ ವರದಿ ಬರೆಯಬೇಕು. ಸೂಪರ್‌ವೈಸರ್ ಅದನ್ನು ಓದಿ, ಐಸಿಗೆ (ಒಬ್ಬೊಬ್ಬರ ಜೊತೆ ನಡೆಸುವ ಚರ್ಚೆಗೆ) ಕೂರಿಸಿಕೊಂಡು, "ಆಕೆ ಸುಮ್ಮನಾದಾಗ ನೀನೇನು ಮಾಡಿದೆ?" ಅಂತ ಸಾಲು ಸಾಲಿಗೂ ಕೇಳುತ್ತಿದ್ದರು. ಪಿಎಚ್‌ಡಿಗೆ ಬಂದ ಕೂಡಲೇ ಇದೆಲ್ಲ ನಿಂತುಹೋಯಿತು. ಯುಜಿಸಿಯ 2022ರ ನಿಯಮದಲ್ಲಿ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್ ಇದೆ. ಸಂಶೋಧನಾ ವಿಧಾನ, ಪ್ರಕಟಣೆಯ ನೀತಿ ಎಲ್ಲ ಕಲಿಸುತ್ತಾರೆ. ಬೇಕಾದದ್ದೇ. ಆದರೆ ಕೋರ್ಸ್‌ವರ್ಕ್ ಮುಗಿದು ಫೀಲ್ಡಿಗೆ ಇಳಿದ ಮೇಲೆ ನಾವು ಬರೆದದ್ದನ್ನು ಓದುವವರು ಬೇಕು. ನನಗೆ ಸಿಕ್ಕಿದ್ದು "ಚಾಪ್ಟರ್ ಎಲ್ಲಿಗೆ ಬಂತು?" ಅನ್ನುವ ಪ್ರಶ್ನೆ ಮಾತ್ರ.

ಭಾಷೆಯದು ಇನ್ನೂ ದೊಡ್ಡ ಸಂಕಟ. ಅದೇ ಅವ್ವ ಮುಂದೆ ಮಾತಿಗೆ ಕೂತಾಗ ಮತ್ತೆ ಮತ್ತೆ "ಬ್ಯಾಸರ ಆಗ್ಯದ" ಅನ್ನುತ್ತಿದ್ದರು. ನಾನು ಟೇಪ್ ಕೇಳುತ್ತಾ ನೇರ ಇಂಗ್ಲಿಷಿಗೆ ಇಳಿಸಿ, ಪ್ರತಿ ಸಲವೂ "ಸ್ಟ್ರೆಸ್" ಅಂತ ಕೋಡ್, ಅಂದ್ರೆ ಮಾತನ್ನು ವಿಂಗಡಿಸುವ ಹಣೆಪಟ್ಟಿ ಹಾಕಿದೆ. ತಿಂಗಳುಗಟ್ಟಲೆ ಆದಮೇಲೆ ಮತ್ತೆ ಕೇಳಿದಾಗ ಎದೆ ಧಸಕ್ಕೆಂದಿತು. ಒಂದು ಕಡೆ ಬ್ಯಾಸರ ಅಂದ್ರೆ ಸಿಮೆಂಟ್ ಹೊತ್ತ ದಣಿವು. ಇನ್ನೊಂದು ಕಡೆ ದುಡ್ಡು ಕೊಡದ ಮುಕಾದಮನ (ಕೂಲಿಯವರ ಮೇಸ್ತ್ರಿಯ) ಮೇಲಿನ ಸಿಟ್ಟು. ಮತ್ತೊಂದು ಕಡೆ ಊರಲ್ಲಿ ಬಿಟ್ಟು ಬಂದ ಮಗಳ ನೆನಪು. ಮೂರನ್ನೂ ನಾನು ಒಂದೇ ಚೀಲಕ್ಕೆ ತುಂಬಿದ್ದೆ. ಇಡೀ ಅಧ್ಯಾಯ ಮತ್ತೆ ಬರೆದೆ. ಮಾತನ್ನು ಮೊದಲು ಅವರ ಭಾಷೆಯಲ್ಲೇ ಇಳಿಸಿಕೋ, ಅನುವಾದ ಆಮೇಲೆ ಮಾಡು ಅಂತ ಒಬ್ಬರು ಹೇಳಿದ್ದರೆ ಸಾಕಿತ್ತು.

ದೇಶದಲ್ಲಿ ಸೋಷಿಯಲ್ ವರ್ಕ್ ಕಲಿಸುವ ಮೊದಲ ಶಾಲೆ ಶುರುವಾದದ್ದು ಇದೇ ಊರಲ್ಲಿ, 1936ರಲ್ಲಿ. ಸರ್ ದೊರಾಬ್ಜಿ ಟಾಟಾ ಹೆಸರಿನ ಆ ಶಾಲೆಯೇ ಇವತ್ತಿನ ಟಿಸ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್). ಆರಂಭವಾದದ್ದು ನಾಗಪಾಡಾದಲ್ಲಿ, ಬಡವರ ವಸತಿಯ ನಡುವೆ ಇದ್ದ ನೇಬರ್‌ಹುಡ್ ಹೌಸ್‌ನಲ್ಲಿ. ಜನರ ಮಧ್ಯೆ ಹುಟ್ಟಿದ ವಿದ್ಯೆ ಇದು. ಹಾಗಾಗಿ ಫೀಲ್ಡ್ ಸೂಪರ್‌ವಿಷನ್ ಪಿಎಚ್‌ಡಿಗೂ ಕಡ್ಡಾಯವಾಗಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ.

ಆ ಅವ್ವನ ಹೆಬ್ಬಟ್ಟು ನಾನು ತೆಗೆದುಕೊಳ್ಳಲಿಲ್ಲ. ಬಾಯಿಮಾತಿನ ಒಪ್ಪಿಗೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಅಂತ ಕಮಿಟಿಗೆ ಹೊಸದಾಗಿ ಅರ್ಜಿ ಹಾಕಿದೆ. ಎರಡು ತಿಂಗಳು ಹಿಡಿಯಿತು. ಒಪ್ಪಿದರು.

ಮುಂಬಯಿ, ಪುಣೆಯಲ್ಲಿ ಸೋಷಿಯಲ್ ವರ್ಕ್ ಪಿಎಚ್‌ಡಿಗೆ ಸೇರಿರುವ ಕನ್ನಡದ ಮಕ್ಕಳು ಇದನ್ನು ಓದುತ್ತಿದ್ದರೆ, ನಿಮ್ಮ ಫೀಲ್ಡ್ ನೋಟ್ಸ್ ತಗೊಂಡು ಚೆಂಬೂರಿನ ನಮ್ಮ ಮನೆಗೆ ಬನ್ನಿ. ಭಾನುವಾರ ಸಂಜೆ ಕೂರೋಣ. ಒಬ್ಬರು ಓದಲಿ, ಉಳಿದವರು ಕೇಳೋಣ.