ಆ ಒಂದು ಸೊನ್ನೆಯ ಬಗ್ಗೆ

ಈಗ ತಾನೇ ಒಂದು ಆನ್‌ಲೈನ್ ಕಾರ್ಯಾಗಾರ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಎರಡೇ ನಿಮಿಷಕ್ಕೆ ಮತ್ತೆ ತೆರೆದೆ, ಯಾಕಂದ್ರೆ ಇದನ್ನು ಬರೆಯದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ. ಉದ್ದ ಆಗುತ್ತದೆ. ಪುರುಸೊತ್ತಿದ್ದವರು ಓದಿ.

ವಿಷಯ 'ಸಾಕ್ಷ್ಯಚಿತ್ರಗಳಿಗೆ ಪರ್ಯಾಯ ಫಂಡಿಂಗ್'. ನನ್ನ ಹಿಂದಿನ ಸಾಕ್ಷ್ಯಚಿತ್ರದ ಕಥೆ ನಿಮಗೆಲ್ಲ ಗೊತ್ತೇ ಇದೆ: ಮೂರು ವರ್ಷ ದುಡಿದೆ, ಜನರ ಹತ್ತಿರ ಹಣ ಕೇಳಿಕೊಂಡು ತಿರುಗಿದೆ, ನನ್ನ ಕೈಗೆ ಏನೂ ಬರಲಿಲ್ಲ. ಅಷ್ಟೆಲ್ಲ ಆದ ಮೇಲೂ ಇಂಥ ಪೋಸ್ಟರ್ ಕಂಡರೆ ಕೈ ತಾನಾಗಿ ಲಿಂಕ್ ಒತ್ತುತ್ತದೆ. ನನಗೆ ಬುದ್ಧಿ ಬರುವುದಿಲ್ಲ ಬಿಡಿ.

ಮಾತಾಡಿದವರು ಒಳ್ಳೆಯವರೇ, ತಿಳಿದವರೇ. ಗ್ರಾಂಟ್ ಅಂದರೆ ಸಂಸ್ಥೆಗಳ ಅನುದಾನ, ಕ್ರೌಡ್‌ಫಂಡಿಂಗ್ ಅಂದರೆ ತುಂಬ ಜನರಿಂದ ಸ್ವಲ್ಪ ಸ್ವಲ್ಪ ಹಣ ಎತ್ತುವುದು, ಕಂಪನಿಗಳ ಸ್ಪಾನ್ಸರ್, ಎನ್‌ಜಿಒ ಜೊತೆ ಸೇರಿ ಮಾಡುವುದು, ಸಿನಿಮಾ ಹೊತ್ತುಕೊಂಡು ಊರೂರು ತಿರುಗಿ ತೋರಿಸುವುದು, ಎಲ್ಲ ಹೇಳಿದರು. ಆಮೇಲೆ ಒಂದು ಮಾದರಿ ಬಜೆಟ್ ಶೀಟ್ ತೆರೆದು ತೋರಿಸಿದರು. ಕ್ಯಾಮೆರಾ ಬಾಡಿಗೆ, ಸೌಂಡ್, ಓಡಾಟ, ಹಾರ್ಡ್ ಡಿಸ್ಕ್, ಎಡಿಟಿಂಗ್, ಕಲರ್, ಸಬ್‌ಟೈಟಲ್, ಹಳೇ ಫುಟೇಜಿನ ಹಕ್ಕು, ಫೆಸ್ಟಿವಲ್ ಪ್ರವೇಶ ಶುಲ್ಕ. ಎಲ್ಲದರ ಮುಂದೆಯೂ ಒಂದೊಂದು ಮೊತ್ತ. 'ನಿರ್ದೇಶಕರ ಸಂಭಾವನೆ' ಅನ್ನುವ ಸಾಲಿನ ಮುಂದೆ ಮಾತ್ರ ಸೊನ್ನೆ.

ಯಾರೋ ಹುಡುಗಿ ಚಾಟ್‌ನಲ್ಲಿ ಕೇಳಿದಳು, "ಸರ್, ಅದು ಯಾಕೆ ಸೊನ್ನೆ?"

ಅವರು ನಕ್ಕರು. "ಅದು ನಿಮ್ಮ ಪ್ಯಾಷನ್ ಅಲ್ವೇನಮ್ಮಾ!"

ಚಾಟ್ ತುಂಬ ನಗುವ ಎಮೋಜಿ. ನಾನೂ ಒಂದು ಹಾಕಿದೆ. ನಗು ಬಂದು ಹಾಕಿದ್ದಲ್ಲ, ಅಭ್ಯಾಸಕ್ಕೆ ಹಾಕಿದ್ದು. ಹಾಕಿದ ಮೇಲೆ ಮೈ ಉರಿಯಿತು.

ಮೊದಲು ಈ 'ಪರ್ಯಾಯ' ಅನ್ನುವ ಪದ ನೋಡೋಣ. ಯಾವುದಕ್ಕೆ ಪರ್ಯಾಯ? ಸಾಕ್ಷ್ಯಚಿತ್ರಕ್ಕೆ ಒಂದು ಹೆದ್ದಾರಿ ಇತ್ತು, ಅದು ಮುಚ್ಚಿಹೋಯಿತು, ಈಗ ಕಾಲುದಾರಿ ಹುಡುಕಬೇಕು ಅನ್ನುವ ಹಾಗೆ ಮಾತಾಡುತ್ತಾರೆ. ಟಿವಿ ಚಾನೆಲ್‌ಗಳು, ಸರ್ಕಾರಗಳು ಒಂದಷ್ಟು ಕಾಲ ದುಡ್ಡು ಕೊಟ್ಟಿದ್ದು ನಿಜ. ಆದರೆ ಈ ಪಯಣ ಶುರುವಾಗಿದ್ದೇ ಕಾಲುದಾರಿಯಲ್ಲಿ. 1922ರ ಸಾಕ್ಷ್ಯಚಿತ್ರ 'ನಾನೂಕ್ ಆಫ್ ದಿ ನಾರ್ತ್'ಗೆ ಅದರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯವರ ಕೈಗೆ ಹಣ ಕೊಟ್ಟಿದ್ದು ರೆವಿಯೋಂ ಅನ್ನುವ ಫ್ರೆಂಚ್ ಕಂಪನಿ. ಅವರದು ಪ್ರಾಣಿಗಳ ತುಪ್ಪಳದ ವ್ಯಾಪಾರ. ಹಿಮದ ನಾಡಿನ ಬೇಟೆಗಾರನ ಸಿನಿಮಾಕ್ಕೆ ತುಪ್ಪಳ ಮಾರುವವರ ಹಣ! 1935ರಲ್ಲಿ ಲಂಡನ್ನಿನ ಕೊಳೆಗೇರಿಯ ಜನರನ್ನು ಅವರವರ ಮನೆಯಲ್ಲೇ ಮಾತಾಡಿಸಿದ 'ಹೌಸಿಂಗ್ ಪ್ರಾಬ್ಲಮ್ಸ್'ಗೆ ಹಣ ಹಾಕಿದ್ದು ಬ್ರಿಟನ್ನಿನ ಗ್ಯಾಸ್ ಉದ್ಯಮದವರ ಸಂಘ. ಕೊಳೆಗೇರಿ ಹೋಗಿ ಹೊಸ ಮನೆ ಎದ್ದರೆ ಗ್ಯಾಸ್ ವ್ಯಾಪಾರ ಜಾಸ್ತಿ ಆಗುತ್ತದಲ್ಲ. ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಎರಲ್ ಮಾರಿಸ್ ವರ್ಷಗಟ್ಟಲೆ ಟಿವಿ ಜಾಹೀರಾತು ಮಾಡಿ ಸಂಪಾದಿಸಿದರು. ಅಲ್ಲಿನವರೇ ಆದ ಮೈಕೇಲ್ ಮೂರ್ ತಮ್ಮ 1989ರ ಸಾಕ್ಷ್ಯಚಿತ್ರ 'ರೋಜರ್ ಅಂಡ್ ಮಿ'ಗಾಗಿ ಬಿಂಗೋ ಆಟ ಆಡಿಸಿ ಹಣ ಎತ್ತಿದರು, ಸಾಲದ್ದಕ್ಕೆ ಮನೆ ಮಾರಿದರು.

ಈ ಮನೆ ಮಾರಿದ ಕಥೆಯನ್ನು ಇವತ್ತೂ ಹೇಳಿದರು, ಸ್ಫೂರ್ತಿ ಬರಲಿ ಅಂತ. ಅಲ್ಲ ಸ್ವಾಮಿ, ಅದು ಸ್ಫೂರ್ತಿ ಕಥೆ ಆಗಿದ್ದು ಆಮೇಲೆ ವಾರ್ನರ್ ಬ್ರದರ್ಸ್ 30 ಲಕ್ಷ ಡಾಲರ್ ಕೊಟ್ಟು ಆ ಸಿನಿಮಾ ಕೊಂಡಿದ್ದಕ್ಕೆ. ಮನೆಯನ್ನೂ ಮಾರಿ, ಸಿನಿಮಾವನ್ನೂ ಯಾರೂ ಕೊಳ್ಳದೆ ಕೂತವರನ್ನು ಯಾವ ಕಾರ್ಯಾಗಾರಕ್ಕೂ ಮಾತಾಡಲು ಕರೆಯುವುದಿಲ್ಲ. (ನನ್ನನ್ನೂ ಕರೆದಿಲ್ಲ. ಹೊಟ್ಟೆಕಿಚ್ಚು ಅಂದುಕೊಳ್ಳುವವರು ಅಂದುಕೊಳ್ಳಿ, ಸ್ವಲ್ಪ ಇದೆ.)

ಕ್ರೌಡ್‌ಫಂಡಿಂಗ್‌ಗೆ ಬರುತ್ತೇನೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ನಿಜವಾಗಿ. ಹೀಗೆ ಹಣ ಎತ್ತುವ ವೆಬ್‌ಸೈಟ್ ಕಿಕ್‌ಸ್ಟಾರ್ಟರ್ 2009ರಲ್ಲಿ ಶುರುವಾಯಿತು. ಅಲ್ಲಿ ಹಣ ಎತ್ತಿದ 'ಇನೊಸೆಂತೆ' ಅನ್ನುವ ಕಿರು ಸಾಕ್ಷ್ಯಚಿತ್ರಕ್ಕೆ 2013ರಲ್ಲಿ ಆಸ್ಕರ್ ಬಂತು. 294 ಜನ ಸೇರಿ 52 ಸಾವಿರ ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಕೊಟ್ಟಿದ್ದರು. ಓದಿದಾಗ ಖುಷಿಯಾಗುತ್ತದೆ, ಅಲ್ವಾ? ಆದರೆ ಕಥೆ ಹೇಳುವವರು ಅರ್ಧಕ್ಕೆ ನಿಲ್ಲಿಸುತ್ತಾರೆ. ಅಲ್ಲಿ ಹೇಳಿದ ಗುರಿ ಮುಟ್ಟದಿದ್ದರೆ ಒಂದು ಕಾಸೂ ಕೈಗೆ ಬರುವುದಿಲ್ಲ. ಮುಟ್ಟಿದರೆ 5% ಅವರಿಗೆ, ಪೇಮೆಂಟ್ ಖರ್ಚು ಬೇರೆ. ಸರಿ, ಅದು ಅವರ ವ್ಯಾಪಾರ, ಅವರ ಕೆಲಸಕ್ಕೆ ಅವರು ಬೆಲೆ ಕಟ್ಟಿದ್ದಾರೆ. ನನ್ನ ಕೆಲಸಕ್ಕೆ? ಟ್ರೇಲರ್ ಕಟ್ ಮಾಡಬೇಕು, ತಿಂಗಳುಗಳ ಮೊದಲೇ ಹೆಸರುಗಳ ಪಟ್ಟಿ ಮಾಡಬೇಕು, ಶುರುವಾದ ಮೇಲೆ ತಿಂಗಳಿಡೀ ದಿನಾ ಪೋಸ್ಟ್ ಹಾಕಬೇಕು, ಕೊಟ್ಟವರಿಗೆ ಥ್ಯಾಂಕ್ಸ್, ಕೊಡುತ್ತೇನೆ ಅಂದವರಿಗೆ ನೆನಪು, ಉತ್ತರವನ್ನೇ ಕೊಡದವರಿಗೆ ಮೂರನೇ ಸಲ ಮೆಸೇಜು, ಹತ್ತು ವರ್ಷದಿಂದ ಮಾತಾಡದ ಕ್ಲಾಸ್‌ಮೇಟ್‌ಗೆ ದಿಢೀರನೆ "ಹೇಗಿದ್ದೀಯ?", ಆಮೇಲೆ ಪೋಸ್ಟರ್ ಸುತ್ತಿ ವಿಳಾಸ ಬರೆದು ಕಳಿಸುವುದು. ನನ್ನ ಕ್ಯಾಂಪೇನ್ ನಡೆದಾಗ ನಿಮ್ಮಲ್ಲಿ ಎಷ್ಟು ಜನ ನನ್ನನ್ನು ಮ್ಯೂಟ್ ಮಾಡಿದಿರಿ ಅಂತ ನನಗೆ ಗೊತ್ತು. ಬೇಜಾರಿಲ್ಲ. ನನಗೇ ನನ್ನನ್ನು ಮ್ಯೂಟ್ ಮಾಡಬೇಕು ಅನಿಸಿತ್ತು. ಈ ಇಡೀ ಕೆಲಸಕ್ಕೆ ಬಜೆಟ್ ಶೀಟಿನಲ್ಲಿ ಸಾಲೇ ಇಲ್ಲ. ಸೊನ್ನೆ ಹಾಕಬೇಕಾದರೂ ಒಂದು ಸಾಲು ಬೇಕಲ್ಲ!

ಇನ್ನೊಬ್ಬರು 'ಮಂಥನ್' ಉದಾಹರಣೆ ಕೊಟ್ಟರು. ಕೊಡದಿದ್ದರೆ ಆಶ್ಚರ್ಯ. ಅದು ಸಾಕ್ಷ್ಯಚಿತ್ರವಲ್ಲ, ಇರಲಿ. 1976ರಲ್ಲಿ ಶ್ಯಾಮ್ ಬೆನಗಲ್ ಮಾಡಿದ, ನಮ್ಮ ಗಿರೀಶ ಕಾರ್ನಾಡರು ನಟಿಸಿದ ಆ ಸಿನಿಮಾಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ನೆನೆಸಿಕೊಂಡರೆ ನನಗೆ ಈಗಲೂ ರೋಮಾಂಚನ. ಆದರೆ ಆ 5 ಲಕ್ಷ ಜನ ಸಿನಿಮಾಕ್ಕಾಗಿ ಒಟ್ಟಾದವರಲ್ಲ. 1946ರಿಂದ ಹಳ್ಳಿ ಹಳ್ಳಿಯಲ್ಲಿ ಸಹಕಾರ ಸಂಘ ಕಟ್ಟುತ್ತ ಬಂದ 30 ವರ್ಷದ ದುಡಿಮೆ ಆ ಎರಡು ರೂಪಾಯಿಯ ಹಿಂದೆ ಇತ್ತು. ನನ್ನ ಹಿಂದೆ ಇರುವುದು ಒಂದು ವಾಟ್ಸಾಪ್ ಗ್ರೂಪು.

ಆದರೆ ಲೆಕ್ಕವನ್ನು ನೆಟ್ಟಗೆ ಬರೆದವರೂ ಇದ್ದಾರೆ. ಬ್ರಿಟನ್ನಿನ ಫ್ರ್ಯಾನಿ ಆರ್ಮ್‌ಸ್ಟ್ರಾಂಗ್ ಹವಾಮಾನ ಬದಲಾವಣೆಯ ಬಗ್ಗೆ 'ದಿ ಏಜ್ ಆಫ್ ಸ್ಟುಪಿಡ್' ಮಾಡಿದರು, 2009ರಲ್ಲಿ ಬಂತು. ಇನ್ನೂರಕ್ಕೂ ಹೆಚ್ಚು ಜನರಿಗೆ, ಗುಂಪುಗಳಿಗೆ ಸಿನಿಮಾದ ಷೇರು ಮಾರಿ ಸುಮಾರು 4.5 ಲಕ್ಷ ಪೌಂಡ್ ಎತ್ತಿದರು. ಎಲ್ಲರೂ ಹೇಳುವುದು ಇಷ್ಟನ್ನೇ. ನನಗೆ ಇಷ್ಟವಾಗಿದ್ದು ಬೇರೆ. ತಂಡದವರು ಬದುಕುವುದಕ್ಕೆ ಸಾಕಾಗುವಷ್ಟು ಸಂಬಳಕ್ಕೆ ಕೆಲಸ ಮಾಡಿದರು, ಜೊತೆಗೆ ಅವರಿಗೂ ಷೇರು ಕೊಟ್ಟರು. ದುಡ್ಡು ಹಾಕಿದವರ ಹಾಗೆಯೇ ದುಡಿಮೆ ಹಾಕಿದವರೂ ಪಾಲುದಾರರು. ನೋಡಿ, ಅಲ್ಲಿ ಸೊನ್ನೆ ಇಲ್ಲ. ಕಡಿಮೆ ಇದೆ, ಆದರೆ ಸೊನ್ನೆ ಇಲ್ಲ. ಇಷ್ಟೇ ನಾನು ಕೇಳುತ್ತಿರುವುದು.

ಗ್ರಾಂಟ್‌ಗಳ ವಿಷಯ ಎತ್ತಿದರೆ ನನಗೆ ಬಿಪಿ ಏರುತ್ತದೆ, ಬೇಗ ಮುಗಿಸುತ್ತೇನೆ. ಅಮೆರಿಕದ ಸನ್‌ಡ್ಯಾನ್ಸ್ ಸಿನಿಮಾ ಸಂಸ್ಥೆಯವರ ನಿಧಿ, ಆಮ್‌ಸ್ಟರ್‌ಡ್ಯಾಮ್‌ನ ಇಡ್ಫಾ ಉತ್ಸವದವರ ಬರ್ತಾ ನಿಧಿ, ಇಂಥವು ಇಲ್ಲದಿದ್ದರೆ ಎಷ್ಟೋ ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲೇ ಸಾಯುತ್ತಿದ್ದವು. ಒಪ್ಪಿದೆ. ಆದರೆ ಒಂದು ಅರ್ಜಿ ಅಂದರೆ ಸಾರಾಂಶ, ಟ್ರೀಟ್‌ಮೆಂಟ್ (ಸಿನಿಮಾ ಹೇಗೆ ಮೂಡಿಬರುತ್ತದೆ ಅನ್ನುವ ವಿವರಣೆ), 'ನೀವೇ ಯಾಕೆ ಈ ಸಿನಿಮಾ ಮಾಡಬೇಕು' ಅನ್ನುವುದಕ್ಕೆ ಉತ್ತರ, ಸ್ಯಾಂಪಲ್ ಫುಟೇಜ್, ಬಜೆಟ್, ಎಲ್ಲಿಂದ ಎಷ್ಟು ಹಣ ಬರುತ್ತದೆ ಅನ್ನುವ ಪಟ್ಟಿ. ಒಂದೊಂದಕ್ಕೂ ಒಂದೊಂದು ನಮೂನೆ. ಒಬ್ಬರಿಗೆ 300 ಪದ ಸಾಕು, ಇನ್ನೊಬ್ಬರಿಗೆ ಮೂರು ಪುಟ ಬೇಕು. ಮೊದಲನೆಯವರು ಕೇಳುತ್ತಾರೆ, ಬೇರೆ ಯಾರು ಕೊಟ್ಟಿದ್ದಾರೆ? ಎರಡನೆಯವರೂ ಅದನ್ನೇ ಕೇಳುತ್ತಾರೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಅಷ್ಟರಲ್ಲಿ ಸಿನಿಮಾದ ವ್ಯಕ್ತಿಗಳ ಬದುಕು ಕಾಯುವುದಿಲ್ಲ, ಶೂಟಿಂಗಿಗೆ ಹೋಗಲೇಬೇಕು. ಬಾಸ್ಕೆಟ್‌ಬಾಲ್ ಆಡುವ ಇಬ್ಬರು ಹುಡುಗರ ಬಗೆಗಿನ ಅಮೆರಿಕದ ಸಾಕ್ಷ್ಯಚಿತ್ರ 'ಹೂಪ್ ಡ್ರೀಮ್ಸ್' ಶುರುವಾಗಿದ್ದು ಅರ್ಧ ಗಂಟೆಯ ಸಿನಿಮಾ ಅಂತ, ಕೈಯಲ್ಲಿದ್ದದ್ದು 2,500 ಡಾಲರ್ ಗ್ರಾಂಟ್. ಕೊನೆಗೆ ಸುಮಾರು ಐದು ವರ್ಷದ ಶೂಟಿಂಗ್, 250 ಗಂಟೆ ಫುಟೇಜ್. 1994ರಲ್ಲಿ ಜನ ನೋಡಿ ಬೆರಗಾದರು. ದೊಡ್ಡ ಹಣ ಬರುವವರೆಗೆ ಆ ವರ್ಷಗಳನ್ನು ನಡೆಸಿದ್ದು ಮಾಡಿದವರ ಹೆಗಲೇ ಅಲ್ವಾ?

ಈಗ ನೀವು ಕೇಳುತ್ತೀರಿ, ನನ್ನ ತಮ್ಮ ಅಂತೂ ಕೇಳೇ ಕೇಳುತ್ತಾನೆ: "ನಿನಗೆ ಸಿನಿಮಾ ಮಾಡು ಅಂತ ಯಾರು ಹೇಳಿದ್ರು? ನಿನ್ನ ಆಸೆಗೆ ಊರವರು ಯಾಕೆ ದುಡ್ಡು ಕೊಡಬೇಕು?" ನ್ಯಾಯವಾದ ಪ್ರಶ್ನೆ. ಯಾರೂ ಕೊಡಬೇಕಾಗಿಲ್ಲ. ಆದರೆ ಸುಳ್ಳು ಲೆಕ್ಕ ಯಾಕೆ ಬರೆಯಬೇಕು? ಹಾರ್ಡ್ ಡಿಸ್ಕ್ ಅಂಗಡಿಯವನಿಗೆ "ಇದು ನಿಮ್ಮ ಪ್ಯಾಷನ್ ಅಲ್ವಾ" ಅಂತ ಹೇಳಿ ನೋಡಿ. ಕ್ಯಾಮೆರಾ ಬಾಡಿಗೆಯವನಿಗೆ ಹೇಳಿ ನೋಡಿ. ಆ ಕಾರ್ಯಾಗಾರಕ್ಕೂ ಪ್ರವೇಶ ಶುಲ್ಕ ಇತ್ತು, ಪಾಠ ಹೇಳುವುದು ಅವರ ಪ್ಯಾಷನ್ ಅಲ್ಲ ಅಂತ ಕಾಣುತ್ತದೆ.

ಗ್ರಾಂಟ್ ಅರ್ಜಿಗಳಲ್ಲಿ 'ಇನ್-ಕೈಂಡ್' ಅಂತ ಒಂದು ಕಾಲಂ ಇರುತ್ತದೆ. ಹಣವಾಗಿ ಅಲ್ಲದೆ ಕೆಲಸವಾಗಿಯೋ ವಸ್ತುವಾಗಿಯೋ ಕೊಟ್ಟದ್ದರ ಲೆಕ್ಕ ಅಲ್ಲಿ ಬರೆಯಬಹುದು. ಬೇರೆಯವರ ಸ್ಟುಡಿಯೋ ಬಿಟ್ಟಿ ಸಿಕ್ಕರೆ ಅದಕ್ಕೆ ಬೆಲೆ ಕಟ್ಟಿ ತುಂಬುತ್ತೇವೆ. ನಮ್ಮ ಮೂರು ವರ್ಷಕ್ಕೆ ಮಾತ್ರ ಬೆಲೆ ಕಟ್ಟುವುದಿಲ್ಲ. ನಾಚಿಕೆ. ಕೊಡುವವರು ದುರಾಸೆ ಅಂದುಕೊಂಡಾರು ಅನ್ನುವ ಅಂಜಿಕೆ. ಹಾಗೆ ಬರೆದರೆ ತಾನೇ ಗೊತ್ತಾಗುವುದು, ಈ ಸಿನಿಮಾದ ಅತಿ ದೊಡ್ಡ ಫಂಡರ್ ಯಾರು ಅಂತ?

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೊನ್ನೆ ಬರೆಯಲು ಎಲ್ಲರಿಗೂ ಆಗುವುದಿಲ್ಲ. ನಾನು ಬರೆದೆ, ಯಾಕಂದ್ರೆ ನಮ್ಮ ಮನೆಯವರಿಗೆ ತಿಂಗಳ ಸಂಬಳ ಬರುತ್ತಿತ್ತು. ಬಾಡಿಗೆ ಅವರು ಕಟ್ಟಿದರು, ಕರೆಂಟ್ ಬಿಲ್ ಅವರು ಕಟ್ಟಿದರು, ನಾನು ಹೋಗಿ 'ಸ್ವತಂತ್ರ ನಿರ್ದೇಶಕಿ' ಅಂತ ವೇದಿಕೆ ಮೇಲೆ ಕೂತೆ. ಸ್ವತಂತ್ರವಂತೆ! ಕ್ರೆಡಿಟ್‌ನಲ್ಲಿ ಅವರ ಹೆಸರು ಎಲ್ಲಿದೆ ಗೊತ್ತಾ? 'ಕೃತಜ್ಞತೆಗಳು' ಪಟ್ಟಿಯಲ್ಲಿ, ಟ್ರೈಪಾಡ್ ಕೊಟ್ಟವರ ಕೆಳಗೆ. ಚಾಟ್‌ನಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿಗೆ ಇಂಥ ಸಂಬಳ ಮನೆಯಲ್ಲಿ ಇದೆಯೋ ಇಲ್ಲವೋ. ಇಲ್ಲದಿದ್ದರೆ ಇವತ್ತು ಎಲ್ಲರೂ ಸೇರಿ ನಗುತ್ತಲೇ ಅವಳನ್ನು ಹೊರಗೆ ಕಳಿಸಿದೆವು. ನಾನೂ ಸೇರಿ.

ಊಟ ಮಾಡದೆ ನನ್ನ ಹಳೇ ಬಜೆಟ್ ಶೀಟ್ ತೆಗೆದೆ. ನನ್ನ ಸಾಲಿನಲ್ಲಿ ಸೊನ್ನೆ ಅಳಿಸಿ ದಿನಗಳ ಲೆಕ್ಕ ಹಾಕಿದೆ. ಕೆಳಗಿನ ಒಟ್ಟು ಮೊತ್ತ ಒಂದೇ ಏಟಿಗೆ ದುಪ್ಪಟ್ಟಾಯಿತು. ಆಗ ಒಂಥರಾ ಗೆದ್ದ ಹಾಗೆ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕಣ್ಣು ಒಂದು ಸಾಲು ಕೆಳಗೆ ಹೋಯಿತು. 'ಎಡಿಟರ್'. ಅವನಿಗೆ ಮೊದಲ ಎರಡು ತಿಂಗಳಿಗೆ ಮಾತ್ರ ಕೊಟ್ಟಿದ್ದೆ. ಉಳಿದ ಏಳು ತಿಂಗಳು, 'ಹಣ ಬಂದ ಮೇಲೆ'. ಅದನ್ನು ಟೈಪ್ ಮಾಡಿದ್ದು ನಾನೇ. ಅವತ್ತು ಅವನಿಗೆ ಏನು ಹೇಳಿದ್ದೆ ಅನ್ನುವುದೂ ನೆನಪಿದೆ. "ನಿನಗೂ ಈ ಸಿನಿಮಾ ಅಂದ್ರೆ ಪ್ರೀತಿ ಅಲ್ವೇನೋ" ಅಂದಿದ್ದೆ.

ತಕ್ಷಣ ಮೆಸೇಜ್ ಮಾಡಿದೆ. ನಿನಗೆ ನನ್ನಿಂದ ಎಷ್ಟು ಬರಬೇಕು, ಲೆಕ್ಕ ಕಳಿಸು, ಕಂತಿನಲ್ಲಾದರೂ ಕೊಡುತ್ತೇನೆ ಅಂತ.

ಹತ್ತು ನಿಮಿಷ ಬಿಟ್ಟು ಉತ್ತರ ಬಂತು: "ಏನಕ್ಕಾ, ಹೊಸ ಸಿನಿಮಾ ಶುರುನಾ? ಮತ್ತೆ ಬಿಟ್ಟಿ ಕೆಲಸ ಇದ್ರೆ ಮೊದಲೇ ಹೇಳಿಬಿಡು."