ಎಕ್ಸಾನ್ ವಾಲ್ಡೀಜ್ ರಾಜಿ ಒಪ್ಪಂದ ಅಲಾಸ್ಕದ ಕಡಲನ್ನು ಸರಿಪಡಿಸಿತೇ?

1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಎಂಬ ತೈಲಹಡಗು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬಂಡೆಸಾಲಿಗೆ ಬಡಿದು, ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಕಡಲು ಸೇರಿತು. ಅಮೆರಿಕದ ಕೇಂದ್ರ ಸರ್ಕಾರವೂ ಅಲಾಸ್ಕ ರಾಜ್ಯವೂ ಹಡಗಿನ ಒಡೆತನದ ಎಕ್ಸಾನ್ ಕಂಪನಿಯೊಡನೆ ಮಾಡಿಕೊಂಡ ರಾಜಿಗೆ 1991ರ ಅಕ್ಟೋಬರಿನಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಹತ್ತು ವರ್ಷಗಳಲ್ಲಿ ಒಟ್ಟು 90 ಕೋಟಿ ಡಾಲರ್ ಪಾವತಿಯಾಗಬೇಕಿತ್ತು.

ಪರ

ರಾಜಿ ಬೇಡವೆನ್ನುವವರು ಇದೇ ದುರಂತದ ಇನ್ನೊಂದು ಮೊಕದ್ದಮೆಯನ್ನು ನೋಡಬೇಕು. ಮೀನುಗಾರರೂ ಮೂಲನಿವಾಸಿಗಳೂ ಸೇರಿದಂತೆ ಸುಮಾರು 32 ಸಾವಿರ ಮಂದಿ ಹೂಡಿದ್ದ ದಾವೆಯಲ್ಲಿ 1994ರಲ್ಲಿ ಜ್ಯೂರಿ 500 ಕೋಟಿ ಡಾಲರ್ ದಂಡನಾತ್ಮಕ ಪರಿಹಾರ ಘೋಷಿಸಿತು. ಮೇಲ್ಮನವಿಯಲ್ಲಿ ಅದು ಅರ್ಧಕ್ಕಿಳಿಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 50.75 ಕೋಟಿಗೆ ಇಳಿಸುವ ಹೊತ್ತಿಗೆ ಸಾವಿರಾರು ದಾವೆದಾರರು ತೀರಿಕೊಂಡಿದ್ದರು.

ಸರ್ಕಾರಗಳ ರಾಜಿ ಎರಡೂವರೆ ವರ್ಷದಲ್ಲೇ ಕುದುರಿತು. ಶುಚಿಕಾರ್ಯದ ವೆಚ್ಚ ಭರಿಸಿ ಉಳಿದ ಹಣವನ್ನು ಕೇಂದ್ರದ ಮೂವರು, ರಾಜ್ಯದ ಮೂವರು ಟ್ರಸ್ಟಿಗಳ ಮಂಡಳಿಯು ಪುನಶ್ಚೇತನಕ್ಕೆಂದೇ ಬಳಸಬೇಕಿತ್ತು. ಮಂಡಳಿ ಮಾಡಿದ ಅತ್ಯಂತ ವಿವೇಕದ ಕೆಲಸವೆಂದರೆ 6 ಲಕ್ಷ ಎಕರೆಗೂ ಹೆಚ್ಚು ಕರಾವಳಿ ಭೂಮಿಯನ್ನು ರಕ್ಷಣೆಗೆ ಒಳಪಡಿಸಿದ್ದು. ತೈಲದಿಂದ ಬಳಲಿದ ಮರ್ಲೆಟ್ ಹಕ್ಕಿ ಹೆಚ್ಚಾಗಿ ಹಳೆಯ ಮರಗಳಲ್ಲಿ ಗೂಡು ಮಾಡುತ್ತದೆ, ಸಾಲ್ಮನ್ ಮೀನು ಕಾಡಿನ ತೊರೆಗಳಲ್ಲಿ ಮೊಟ್ಟೆಯಿಡುತ್ತದೆ. ಆ ಮರಗಳೂ ಗರಗಸಕ್ಕೆ ಸಿಕ್ಕಿದ್ದರೆ ಅವುಗಳಿಗೆ ಎರಡನೆಯ ಪೆಟ್ಟು ಬೀಳುತ್ತಿತ್ತು. ಮೊಕದ್ದಮೆಗಾಗಿ ಗುಟ್ಟಾಗಿಟ್ಟಿದ್ದ ವೈಜ್ಞಾನಿಕ ಅಧ್ಯಯನಗಳು ಹೊರಬಂದದ್ದೂ ರಾಜಿಯ ನಂತರವೇ.

ವಿರೋಧ

ಕಾಡು ಉಳಿಯಿತು, ಅದು ದೊಡ್ಡ ಮಾತೇ. ಆದರೆ ಪ್ರಶ್ನೆಯಿರುವುದು ಕಡಲಿನದು. ಕಡಲ ನೀರುನಾಯಿಗಳು ಚೇತರಿಸಿಕೊಂಡದ್ದು ಬಹುಮಟ್ಟಿಗೆ ತಮ್ಮಷ್ಟಕ್ಕೆ ತಾವೇ, ಅದೂ ಸುಮಾರು ಕಾಲು ಶತಮಾನ ತೆಗೆದುಕೊಂಡು. ದುರಂತಕ್ಕೆ ಮುಂಚೆ 22 ಸದಸ್ಯರಿದ್ದ ಎಟಿ1 ಎಂಬ ಓರ್ಕಾ ತಿಮಿಂಗಿಲಗಳ ಗುಂಪಿನಲ್ಲಿ ಆಮೇಲೆ ಒಂದು ಮರಿಯೂ ಬದುಕಿ ಸೇರಿಲ್ಲ. ಆ ಗುಂಪು ಅಳಿವಿನ ಅಂಚಿನಲ್ಲಿದೆ.

ಹಾನಿ ಎಷ್ಟೆಂದು ತಿಳಿಯುವ ಮುಂಚೆಯೇ ಅದಕ್ಕೆ ಬೆಲೆ ಕಟ್ಟುವುದು ಇಂಥ ರಾಜಿಯ ಮೂಲದೋಷ. ಸಹಿ ಬಿದ್ದು ಎರಡು ವರ್ಷಗಳೊಳಗೆ, 1993ರಲ್ಲಿ, ಹೆರಿಂಗ್ ಮೀನಿನ ಸಂತತಿ ಕುಸಿಯಿತು. ಅದಕ್ಕೆ ತೈಲವೇ ಕಾರಣವೆಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ ನಿಜ, ಆದರೆ ಆ ಅನಿಶ್ಚಿತತೆಯ ಹೊರೆ ಕಂಪನಿಯ ಮೇಲೆ ಬೀಳದೆ ಕಾರ್ಡೋವಾದಂಥ ಊರುಗಳ ಮೀನುಗಾರರ ಮೇಲೆ ಬಿತ್ತು.

ಮುಂಗಾಣದ ಹಾನಿಗಾಗಿ ಒಪ್ಪಂದದಲ್ಲಿ ಒಂದು ಕಲಮು ಇತ್ತು, ಅದಕ್ಕೆ 10 ಕೋಟಿ ಡಾಲರಿನ ಮಿತಿಯೂ ನಿಗದಿತ ಗಡುವೂ ಇದ್ದವು. 2001ರ ಸಮೀಕ್ಷೆಯಲ್ಲಿ ದಡದ ಜಲ್ಲಿಯನ್ನು ಅಗೆದಾಗ ತೈಲ ಇನ್ನೂ ಸಿಕ್ಕಿದ್ದರಿಂದ, 2006ರಲ್ಲಿ ಸರ್ಕಾರಗಳು ಈ ಕಲಮಿನಡಿ ಸುಮಾರು 9.2 ಕೋಟಿ ಕೇಳಿದವು. ಕಂಪನಿ ಕೊಡಲಿಲ್ಲ. ಸರ್ಕಾರಗಳು ಒಂಬತ್ತು ವರ್ಷ ಮೀನಮೇಷ ಎಣಿಸಿದವು. ಅಷ್ಟರಲ್ಲಿ ಕಡಲ ನೀರುನಾಯಿ, ಹಾರ್ಲೆಕ್ವಿನ್ ಬಾತುಗಳ ಸಂಖ್ಯೆ ಏರಿದ್ದರಿಂದ ಬೇಡಿಕೆಯ ಆಧಾರವೇ ಕರಗಿತು. 2015ರಲ್ಲಿ ಅವು ಬೇಡಿಕೆಯನ್ನು ಕೈಬಿಟ್ಟವು, ಆಗಲೂ ಜಲ್ಲಿಯಡಿಯಲ್ಲಿ ತೈಲವಿತ್ತು.